ಕಮಿಟ್ ಆಗದ ಮೂರು ಸಾಲು

ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಒಂದು ಹಾಳೆ ಅಂಟಿಸಿತ್ತು: ‘ಸರ್ವರ್‌ನಲ್ಲಿ ನೇರವಾಗಿ ಕೋಡ್ ತಿದ್ದಬಾರದು. ತಿದ್ದಿದ್ದನ್ನು ಕಮಿಟ್ ಮಾಡದೆ ಎದ್ದು ಹೋಗಬಾರದು.’ ಅದನ್ನು ಬರೆದವಳು ಅಲ್ಲಿನ ಪ್ರೋಗ್ರಾಮರ್. ಕಮಿಟ್ ಮಾಡಿದರೆ ತಿದ್ದಿದವರ ಹೆಸರು, ಕಾರಣ ಎರಡೂ ದಾಖಲಾಗುತ್ತವೆ. ಬದಲಾವಣೆ ಮೂಲ ಪ್ರತಿಯನ್ನು ಸೇರುತ್ತದೆ. ಮಾಡದಿದ್ದರೆ ಅದು ಆ ಒಂದು ಯಂತ್ರದಲ್ಲಿ ಅನಾಥವಾಗಿ ಬಿದ್ದಿರುತ್ತದೆ.

ಗುರುವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ ಅವಳು ಔಷಧಾಲಯದ ಸರ್ವರ್‌ಗೆ ಮೂಲ ಪ್ರತಿಯ ಹೊಸ ಕೋಡ್ ಇಳಿಸಲು ಕೂತಳು. ಔಷಧದ ಚೀಟಿಯ ಮೇಲೆ ಅಚ್ಚಾಗುವ ಫೋನ್ ನಂಬರ್ ಬದಲಾಗಿತ್ತು, ಅಷ್ಟೇ. ಪರದೆ ಒಪ್ಪಲಿಲ್ಲ. ಒಂದು ಫೈಲಿನಲ್ಲಿ ಕಮಿಟ್ ಆಗದ ಬದಲಾವಣೆ ಇದೆ, ಮುಂದುವರಿದರೆ ಅದು ಅಳಿಸಿಹೋಗುತ್ತದೆ ಎಂದು ತೋರಿಸಿ ನಿಂತಿತು.

ಸರ್ವರ್‌ನ ಲಾಗಿನ್ ಅವಳೂ ಸೇರಿ ಆ ಕೋಣೆಯ ಮೂವರಿಗೂ ಒಂದೇ. ಯಾರು ತಿದ್ದಿದ್ದು ಎಂದು ತಿಳಿಯುವ ದಾರಿ ಇರಲಿಲ್ಲ. ಮೂವರಲ್ಲಿ ಒಬ್ಬ ರಜೆಯಲ್ಲಿದ್ದ. ಉಳಿದವರು ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿ. ಎಲ್ಲರಿಗೂ ಪಾಠ ಹೇಳುವ ಚಟದಿಂದ ‘ಮೇಷ್ಟ್ರು’ ಎನಿಸಿಕೊಂಡವರು.

“ಮೇಷ್ಟ್ರೇ, ಇದು ನಿಮ್ಮ ಕೈಚಳಕವಾ?”

“ನನ್ನ ಕೈಗೆ ಚಳಕ ಇದ್ದಿದ್ರೆ ಈ ನೆಲಮಾಳಿಗೇಲಿ ಯಾಕಮ್ಮ ಕೊಳೀತಿದ್ದೆ? ಕಿತ್ತೆಸಿ ಅತ್ಲಾಗೆ.”

ಅವಳು ನಂಬಲಿಲ್ಲ. ಹೋದ ವರ್ಷವೂ ಅವರು ಹೀಗೇ ಮಾಡಿ ಸಿಕ್ಕಿಬಿದ್ದಿದ್ದರು. ಬದಲಾವಣೆ ಎಸೆಯುವ ಆಜ್ಞೆಯನ್ನು ಟೈಪ್ ಮಾಡಿದಳು. ಎಂಟರ್ ಒತ್ತುವ ಮುನ್ನ, ಮೇಷ್ಟ್ರ ಮುಖಕ್ಕೆ ಹಿಡಿಯಲು ಸಾಕ್ಷಿ ಬೇಕೆಂದು ಫೈಲನ್ನು ತೆರೆದಳು.

ಮೂರು ಸಾಲು. ಚೀಟಿಯಲ್ಲಿ ಅಚ್ಚಾಗುವ ಔಷಧದ ಪ್ರಮಾಣವನ್ನು ಪ್ರೋಗ್ರಾಂ ಮುಂದಿನ ಪೂರ್ಣ ಮಿಲಿಲೀಟರ್‌ಗೆ ಏರಿಸುತ್ತಿತ್ತು. ಮಗುವಿನ ತೂಕ ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಏರಿಸಬೇಡ ಎನ್ನುತ್ತಿದ್ದವು ಆ ಸಾಲುಗಳು. ಅದಕ್ಕಿಂತ ದೊಡ್ಡ ಮಕ್ಕಳಿಗೆ ಕೊಡುವುದು ತೆಳು ಔಷಧ, ಹಲವು ಮಿಲಿ; ಅಲ್ಲಿ ಏರಿಕೆಯಿಂದ ಅಪಾಯವಿರಲಿಲ್ಲ. ಫೈಲ್ ತಿದ್ದಿ ಹದಿನಾಲ್ಕು ತಿಂಗಳಾಗಿತ್ತು; ಅಲ್ಲಿಂದೀಚೆಗೆ ಆ ಫೈಲಿಗೆ ಬೇರೆ ಬದಲಾವಣೆ ಬಂದಿರಲಿಲ್ಲ.

ಅವಳು ಮೇಲಿನ ಔಷಧಾಲಯಕ್ಕೆ ಫೋನ್ ಮಾಡಿ, ಇದನ್ನು ಯಾರಾದರೂ ಕೇಳಿ ಮಾಡಿಸಿಕೊಂಡಿದ್ದರಾ ಎಂದು ವಿಚಾರಿಸಿದಳು.

“ಇದೊಳ್ಳೆ ಕಥೆ ಆಯ್ತಲ್ಲ ಮೇಡಂ, ನೀವೇ ಅಲ್ವಾ ಮಾಡಿದ್ದು?” ಎಂದಳು ಫಾರ್ಮಸಿಸ್ಟ್. “ನಿಮ್ಮ ತಂಗಿ ಪಾಪು ಇಲ್ಲೇ ಇತ್ತು. ಸೊನ್ನೆ ಪಾಯಿಂಟ್ ಎರಡು ಬರ್ಬೇಕಾದ ಕಡೆ ಚೀಟೀಲಿ ಒಂದು ಅಂತ ಬಂತು. ನಾನು ತಡೆದೆ. ನೀವು ನನ್ನ ಕುರ್ಚೀಲೇ ಕೂತು ಸರಿಮಾಡಿದ್ರಿ. ಅಷ್ಟರಲ್ಲಿ ವಾರ್ಡಿಂದ ಕರೆ ಬಂತು, ಓಡಿದ್ರಿ.”

ಅವಳಿಗೆ ಮೂರು ದಿನ ನಿದ್ದೆ ಇಲ್ಲದೆ ಕಳೆದದ್ದು, ಗಾಜಿನ ಪೆಟ್ಟಿಗೆಯೊಳಗೆ ಅಂಗೈಯಷ್ಟು ಬೆನ್ನು, ತಂಗಿ ಕೂಗಿದ್ದು ಎಲ್ಲ ನೆನಪಿತ್ತು. ಆ ಕುರ್ಚಿ ಮಾತ್ರ ನೆನಪಿರಲಿಲ್ಲ. ಮಗು ಬದುಕಿತು, ಈಗ ಮನೆ ತುಂಬ ಅಂಬೆಗಾಲಿಡುತ್ತದೆ. ಬಾಗಿಲಿನ ಹಾಳೆಯನ್ನು ಅವಳು ಅಂಟಿಸಿದ್ದು ಅದಾದ ಮೇಲೆ.

ಇನ್ನೊಂದು ಸಂಗತಿ ಆಗ ಹೊಳೆಯಿತು. ಸೋಮವಾರ ರಸ್ತೆಯಾಚೆ ಹೊಸ ಹೆರಿಗೆ ವಿಭಾಗ ತೆರೆದಿತ್ತು. ಅಲ್ಲಿನ ಸರ್ವರ್‌ಗೆ ಪ್ರೋಗ್ರಾಂ ಹಾಕಿದವಳು ಅವಳೇ, ಅದೂ ಮೂಲ ಪ್ರತಿಯಿಂದ. ಮೂಲ ಪ್ರತಿಯಲ್ಲಿ ಈ ಮೂರು ಸಾಲು ಇರಲಿಲ್ಲ.

ಗಡಿಯಾರ ಹತ್ತು ಐವತ್ತಾರು ತೋರಿಸುತ್ತಿತ್ತು. ಹೊಸ ವಿಭಾಗದ ಫೋನ್ ಒಂಬತ್ತು ಸಲ ರಿಂಗಾದ ಮೇಲೆ ನರ್ಸ್ ಎತ್ತಿದಳು.

“ಸಿಸ್ಟರ್, ಎರಡೂವರೆ ಕಿಲೋಗಿಂತ ಕಡಿಮೆ ಇರೋ ಮಗು ಯಾವುದಾದ್ರೂ ಇದೆಯಾ?”

“ಒಂದಿದೆ. ಬೆಳಗಿನ ಜಾವ ಹುಟ್ಟಿದ್ದು, ಒಂದು ಕಿಲೋ ಎಂಟುನೂರು. ಹನ್ನೊಂದಕ್ಕೆ ಮೊದಲನೇ ಡೋಸ್. ಸಿರಿಂಜ್ ತುಂಬಿಟ್ಟಿದ್ದೀನಿ.”

“ಎಷ್ಟು?”

“ಚೀಟೀಲಿ ಒಂದು ಮಿಲಿ ಅಂತಿದೆ.”

“ಕೊಡಬೇಡಿ ಸಿಸ್ಟರ್. ಚೀಟಿ ತಪ್ಪು. ಡಾಕ್ಟರನ್ನ ಕರೆದು ಕೈಲೇ ಲೆಕ್ಕ ಹಾಕಿಸಿ. ನಾನು ಲೈನಲ್ಲೇ ಇರ್ತೀನಿ.”

ಆ ಬದಿಯಿಂದ ಲೋಹದ ತಟ್ಟೆಯ ಮೇಲೆ ಏನೋ ಇಟ್ಟ ಸದ್ದು, ಓಡುವ ಚಪ್ಪಲಿಯ ಸದ್ದು, ಆಮೇಲೆ ಗಂಡಸಿನ ದನಿ ಕೇಳಿಸಿತು. ನಾಲ್ಕು ನಿಮಿಷದ ನಂತರ ಡಾಕ್ಟರೇ ಫೋನಿಗೆ ಬಂದು, ಸೊನ್ನೆ ಪಾಯಿಂಟ್ ಎರಡು, ಮಗುವಿಗೆ ಇನ್ನೂ ಏನೂ ಕೊಟ್ಟಿಲ್ಲ ಎಂದರು.

ಮೇಷ್ಟ್ರು ಆಗಲೇ ಹೊಸ ವಿಭಾಗದ ನಾಲ್ಕು ದಿನದ ಚೀಟಿಗಳನ್ನು ಪರದೆಗೆ ತಂದಿದ್ದರು. ಒಟ್ಟು ನಲವತ್ತೊಂದು. ತೂಕಗಳನ್ನು ಒಂದೊಂದಾಗಿ ಓದಿದರು. ಎರಡೂವರೆಗಿಂತ ಕೆಳಗೆ ಇದ್ದದ್ದು ಅದೊಂದೇ. ಪಾಠ ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಅವರಿಗೆ ಸಿಗುತ್ತಿರಲಿಲ್ಲ. ಆದರೆ ಅವರು ನೀರಿನ ಬಾಟಲಿಯನ್ನು ಅವಳತ್ತ ಸರಿಸಿದರು.

“ನಿಮ್ಮ ಮೇಲೆ ಅನುಮಾನ ಪಟ್ಟೆ, ಮೇಷ್ಟ್ರೇ.”

“ನನ್ನ ಹಳೇ ಪುಣ್ಯ ಹಾಗಿದೆ. ಮೊದಲು ಕಮಿಟ್ ಮಾಡು ತಾಯಿ.”

ಎಸೆಯುವ ಆಜ್ಞೆ ಇನ್ನೂ ಪರದೆಯ ಮೇಲೆಯೇ ಇತ್ತು. ಅದನ್ನು ಅಕ್ಷರ ಅಕ್ಷರವಾಗಿ ಅಳಿಸಿದಳು. ಕಾರಣ ಕೇಳಿದ ಜಾಗದಲ್ಲಿ ಬರೆದಳು: ‘ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಪ್ರಮಾಣ ಏರಿಸಬಾರದು. ಹದಿನಾಲ್ಕು ತಿಂಗಳ ಹಿಂದೆ ನಾನೇ ತಿದ್ದಿ, ಕಮಿಟ್ ಮಾಡದೆ ಬಿಟ್ಟಿದ್ದೆ.’ ಕೆಳಗೆ ತನ್ನ ಹೆಸರು ಹಾಕಿದಳು. ಎರಡೂ ಸರ್ವರ್‌ಗಳಿಗೆ ಒಂದೇ ಕೋಡ್ ಇಳಿಸಿ, ಇಬ್ಬರೂ ಆ ಮಗುವಿನ ತೂಕಕ್ಕೆ ಚೀಟಿ ತೆಗೆದು ಪರೀಕ್ಷಿಸಿದರು. ಎರಡರಲ್ಲೂ ಸೊನ್ನೆ ಪಾಯಿಂಟ್ ಎರಡು ಬಂತು.

ವರದಿ ಬರೆಯುವ ಮುಂಚೆ ಅವಳು ರಸ್ತೆ ದಾಟಿ ಹೊಸ ವಿಭಾಗಕ್ಕೆ ಹೋದಳು. ನರ್ಸ್ ತುಂಬಿದ ಸಿರಿಂಜನ್ನು ಎಸೆಯದೆ, ವರದಿಗೆಂದು ತಟ್ಟೆಯಲ್ಲಿ ಎತ್ತಿಟ್ಟಿದ್ದಳು. ಮಗುವಿಗೆ ಕೊಟ್ಟು ಖಾಲಿಯಾದ ಸಿರಿಂಜ್ ಪಕ್ಕದಲ್ಲಿತ್ತು. ಖಾಲಿಯದನ್ನು ತೋರಿಸಿ, ಇದರಲ್ಲಿ ಎಲ್ಲಿಯವರೆಗೆ ತುಂಬಿದ್ದಿರಿ ಎಂದು ಕೇಳಿದಳು. ನರ್ಸ್ ಉಗುರಿನಿಂದ ಎರಡನೆಯ ಗೆರೆ ತೋರಿಸಿದಳು. ಎತ್ತಿಟ್ಟಿದ್ದ ಸಿರಿಂಜ್ ಕೊನೆಯ, ಹತ್ತನೆಯ ಗೆರೆಯವರೆಗೂ ತುಂಬಿತ್ತು.

ಅವಳು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತು ವರದಿ ಬರೆಯತೊಡಗಿದಳು.