ಕಲ್ಲುಗಾಲಿನ ದೊರೆ

ನಮ್ಮ ಪ್ರವಾಸದಲ್ಲಿ ಮೊದಲು ಬೆಟ್ಟ, ಆಮೇಲೆ ದೇವರು, ಕೊನೆಗೆ ನದಿ. ಬಂದವರನ್ನು ಎರಡು ದಿನ ಹಿಮಬೆಟ್ಟದ ಬುಡದಲ್ಲಿ ನಡೆಸಿ, ಮೂರನೆಯ ದಿನ ನಮ್ಮೂರಿನಲ್ಲಿ ಪೂಜೆ ತೋರಿಸಿ, ಮಾರನೆಯ ದಿನ ಅಪುರಿಮಾಕ್ ನದಿಯಲ್ಲಿ ರಬ್ಬರ್ ದೋಣಿ ಹತ್ತಿಸುತ್ತೇವೆ. ನಾನು ಇಲಾರಿಯಾ, ಅಡುಗೆಯವಳು. ಅವರು ಬೆಟ್ಟ ನೋಡಿ ಬಾಯಿ ಬಿಡುತ್ತಾರೆ, ನಾನು ಆ ಬಾಯಿಗೆ ಸೂಪು ಹಾಕುತ್ತೇನೆ. ಮಾಂಸ ತಿನ್ನದವರು, ಹಾಲು ಮುಟ್ಟದವರು, ಆಲೂಗಡ್ಡೆಯ ಸಿಪ್ಪೆ ಕಂಡರೆ ಮುಖ ಸಿಂಡರಿಸುವವರು, ಎಲ್ಲರನ್ನೂ ಸಾಕಿ ಕಳಿಸಿದ್ದೇನೆ.

ಪೂಜೆ ಮಾಡುತ್ತಿದ್ದವನು ಮೆಲ್ಚೋರ್ ತಾತ. ನಮ್ಮಲ್ಲಿ ಪ್ರತಿ ದೊಡ್ಡ ಬೆಟ್ಟವೂ ಒಬ್ಬ ಆಪು, ಒಬ್ಬ ದೊರೆ. ದೊರೆಯ ಜೊತೆ ಮಾತಾಡಬಲ್ಲವನು ಊರಿಗೊಬ್ಬ ಸಿಕ್ಕರೆ ಪುಣ್ಯ. ತಾತ ಬಿಳಿ ಕಾಗದ ಹರಡಿ, ಲಾಮಾದ ಕೊಬ್ಬು, ಗುಲಗಂಜಿಯಂಥ ಕೆಂಪು ಬೀಜ, ಮೋಡವೆಂದು ಒಂದಿಷ್ಟು ಹತ್ತಿ, ಎಲ್ಲವನ್ನೂ ಸುತ್ತ ಜೋಡಿಸುತ್ತಿದ್ದ. ಆಮೇಲೆ ಮೂರು ಕೋಕಾ ಎಲೆಗಳನ್ನು ಬೆರಳಲ್ಲಿ ಹಿಡಿದು, ಬೆಟ್ಟದ ಕಡೆ ಊದಿ, "ಆಪು ರುಮಿಚಾಕಿ! ಕಲ್ಲುಗಾಲಿನ ದೊರೆಯೇ! ಬಾ, ಉಣ್ಣು!" ಎಂದು ಕೂಗುತ್ತಿದ್ದ. ಅವನ ಮಗ ನಿಕಾನೋರ್ ನಮ್ಮ ಗೈಡು. ಅಪ್ಪನ ಮಾತನ್ನು ಬಂದವರ ಭಾಷೆಯಲ್ಲಿ ಹೇಳುತ್ತಿದ್ದವನು ಈ ಕೂಗು ಬಂದಾಗ ಮಾತ್ರ ಒಂದು ಕೈ ಮೇಲೆತ್ತಿ ಸುಮ್ಮನೆ ನಿಲ್ಲುತ್ತಿದ್ದ. ಅದು ಫೋಟೊ ತೆಗೆಯುವವರಿಗೆ ಬಿಟ್ಟ ಹೊತ್ತು.

ಒಂದು ದಿನ ಅಡುಗೆ ಡೇರೆಯಲ್ಲಿ ಹುರಿದ ಜೋಳ ಮೆಲ್ಲುತ್ತ ಕೂತಿದ್ದ ತಾತನನ್ನು ಕೇಳಿದೆ.

"ತಾತ, ಈ ಕಲ್ಲುಗಾಲಿನ ದೊರೆ ಯಾವ ಬೆಟ್ಟದೋನು? ನಮ್ಮಮ್ಮ ಒಂದು ಸಲಾನೂ ಈ ಹೆಸರು ಹೇಳಿದ್ದಿಲ್ಲ."

ತಾತ ಡೇರೆಯ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಬೆಟ್ಟದೋನಲ್ಲ ಕಣೆ. ನನ್ನ ಹೇಸರಗತ್ತೆ."

"ಏನಂದೆ?"

"ನಾನು ಹುಡುಗನಾಗಿದ್ದಾಗ ಇತ್ತು. ಎಷ್ಟು ಬಯ್ದರೂ ಹೆಜ್ಜೆ ಎತ್ತದು. ಕಲ್ಲುಗಾಲು ಅಂತ ನಾನೇ ಹೆಸರಿಟ್ಟೆ. ಸತ್ತು ಯಾವ ಕಾಲ ಆಯ್ತೋ. ಕರೆದ್ರೆ ಯಾರಿಗೂ ತೊಂದ್ರೆಯಿಲ್ಲ."

ನಾನು ನಕ್ಕು ನಕ್ಕು ಸೌಟು ಕೆಳಗಿಟ್ಟೆ. ತಾತ ನಗಲಿಲ್ಲ.

"ನಿಜವಾದ ದೊರೇನ ಕರೆದ್ರೆ ಬಂದೇಬಿಡ್ತಾನೆ ಹುಡುಗಿ. ಬಂದು, ಏನು ಬೇಕು ಅಂತಾನೆ. ಏನನ್ನಲಿ? ಈ ಟೋಪಿಯಮ್ಮನಿಗೆ ಒಂದು ಫೋಟೊ ಬೇಕಂತೆ ಅನ್ನಲಾ? ಸಿಟ್ಟು ಬಂದು ಊರ ಮೇಲೆ ಬಂಡೆ ಉರುಳಿಸಿದ್ರೆ?"

"ನಿಕಾನೋರ್‌ಗೆ ಗೊತ್ತಾ ಇದು?"

"ಅವನಿಗೆ ಗೊತ್ತಾದ್ರೆ ಅವನ ಮುಖ ನೋಡಿದೋರಿಗೆಲ್ಲ ಗೊತ್ತಾಗುತ್ತೆ. ಸುಳ್ಳು ಹೇಳೋಕೆ ಬಾರದ ಮಗ. ನಿಜವಾದ ಹೆಸರನ್ನ ಒಂದು ಆಗಸ್ಟ್‌ನಲ್ಲಿ ಮೇಲಕ್ಕೆ ಕರ್ಕೊಂಡು ಹೋಗಿ ಕಿವೀಲಿ ಹೇಳ್ತೀನಿ ಬಿಡು."

ನಮ್ಮಲ್ಲಿ ಭೂಮಿ ಉಣ್ಣಲು ಬಾಯಿ ತೆರೆಯುವುದು ಆಗಸ್ಟ್‌ನಲ್ಲೇ. ದೊರೆಗೆ ನಿಜವಾದ ಊಟ ಬಡಿಸುವುದು, ಅವನನ್ನು ಕರೆಯುವ ಹೆಸರನ್ನು ತಂದೆ ಮಗನಿಗೆ ಒಪ್ಪಿಸುವುದು, ಎಲ್ಲ ಆಗಲೇ. ಊರಿನ ಪೂಜೆಗೆ ತಾತ ಒಬ್ಬನೇ ಮೇಲೆ ಹೋಗುತ್ತಿದ್ದ; ನಾವು ಬಾಗಿಲು ಹಾಕಿಕೊಂಡು ಬೆಟ್ಟಕ್ಕೆ ಬೆನ್ನು ಮಾಡಿ ಕೂರುತ್ತಿದ್ದೆವು. ಆದರೆ ಆಕಾಶ ತಿಳಿಯಾಗಿರುವುದೂ ಆಗಸ್ಟ್‌ನಲ್ಲೇ, ಹೊರಗಿನವರು ಮುಗಿಬೀಳುವುದೂ ಆಗಸ್ಟ್‌ನಲ್ಲೇ. ಪ್ರತಿ ವರ್ಷ ಆ ಹೊತ್ತಿಗೆ ನಿಕಾನೋರ್ ಯಾವುದೋ ತಂಡವನ್ನು ಕಟ್ಟಿಕೊಂಡು ಬೆಟ್ಟ ಸುತ್ತುತ್ತಿದ್ದ. "ಮುಂದಿನ ವರ್ಷ ಖಂಡಿತ ಅಪ್ಪಾ" ಎನ್ನುತ್ತಿದ್ದ. ತಾತನೂ "ಆಗಲಿ" ಎನ್ನುತ್ತಿದ್ದ.

ಈ ವರ್ಷ ಈಸ್ಟರ್ ಹಬ್ಬಕ್ಕೆ ಮೊದಲೇ ತಾತನಿಗೆ ಲಕ್ವ ಹೊಡೆಯಿತು. ಬಲಗಡೆಯೆಲ್ಲ ಬಿದ್ದುಹೋಯಿತು, ನಾಲಿಗೆಯೂ ಹೋಯಿತು. "ಪಾ" ಎಂಬ ಒಂದೇ ಸದ್ದು ಉಳಿಯಿತು. ಪ್ರವಾಸ ನಿಲ್ಲಲಿಲ್ಲ. ನಿಕಾನೋರ್ ಅಪ್ಪನ ಕಂಬಳಿ ಹೊದ್ದು ಅದೇ ಜಾಗದಲ್ಲಿ ಕೂತ. ಪೂಜೆಯೂ ಅವನದೇ, ವಿವರಣೆಯೂ ಅವನದೇ. ಬಂದವರು ಎಂದಿನಂತೆ ಚಪ್ಪಾಳೆ ತಟ್ಟಿದರು.

ಜೂನ್‌ನಲ್ಲಿ ನನ್ನ ಮಗ ಎಫ್ರಾಯಿನ್‌ನನ್ನು ನದಿ ತೆಗೆದುಕೊಂಡಿತು.

ಸಣ್ಣ ದೋಣಿಯಲ್ಲಿ ಮುಂದೆ ಹೋಗಿ ದೊಡ್ಡ ದೋಣಿಗಳಿಗೆ ದಾರಿ ನೋಡುವ ಕೆಲಸ ಅವನದು. ಕಣಿವೆ ಇಕ್ಕಟ್ಟಾಗುವ ಕಡೆ ಒಂದು ದೊಡ್ಡ ದೋಣಿ ಮಗುಚಿತು. ಬಿದ್ದವರನ್ನು ಒಬ್ಬೊಬ್ಬರಾಗಿ ಎಳೆದು ದಡಕ್ಕೆ ಹಾಕಿದನಂತೆ. ಕೊನೆಯವಳನ್ನು ಬಂಡೆಗೆ ಹತ್ತಿಸಿ ತಾನು ಜಾರಿದನಂತೆ. ಎಲ್ಲರೂ ಬದುಕಿದರು. ಅವರಲ್ಲಿ ಒಬ್ಬಳು ನನ್ನನ್ನು ತಬ್ಬಿಕೊಂಡು ಅತ್ತಳು. ನನಗೆ ಅವಳನ್ನು ನೂಕಿಬಿಡಬೇಕು ಅನ್ನಿಸಿತ್ತು, ನೂಕಲಿಲ್ಲ. ಊರವರು ಸೇತುವೆಯವರೆಗೂ ಎರಡೂ ದಡ ಹುಡುಕಿದರು. ಅವನ ಹೆಲ್ಮೆಟ್ ಕೂಡ ಸಿಗಲಿಲ್ಲ.

ನಮ್ಮಲ್ಲಿ ಮಣ್ಣು ಮಾಡಿದ ಐದನೆಯ ದಿನ ಸತ್ತವರ ಬಟ್ಟೆಯನ್ನು ಹೊಳೆಯಲ್ಲಿ ಒಗೆಯುತ್ತೇವೆ. ಒಗೆದ ಮೇಲೇ ಅವರು ಇಲ್ಲಿಂದ ಹೊರಡುವುದು. ಮಣ್ಣೇ ಕಾಣದವನ ಬಟ್ಟೆ ಒಗೆಯುವುದು ಹೇಗೆ? ಎಫ್ರಾಯಿನ್‌ನ ಅಂಗಿಗಳು ಬೆವರಿನ ವಾಸನೆಯ ಸಮೇತ ಮೊಳೆಗೇ ತೂಗುತ್ತಿದ್ದವು. ನವೆಂಬರ್‌ನಲ್ಲಿ ಸತ್ತವರಿಗೆ ಎಡೆಯಿಡುವ ದಿನ ಬರುತ್ತದೆ. ನೆಲದಲ್ಲಿ ಮಲಗದವನಿಗೆ ಮನೆಯ ದಾರಿ ತಿಳಿಯುವುದಿಲ್ಲ ಎಂದು ನಮ್ಮಮ್ಮ ಹೇಳುತ್ತಿದ್ದಳು. ಜೀವ ಹೋದದ್ದು ಹೋಯಿತು. ನವೆಂಬರ್ ಬರುವಷ್ಟರೊಳಗೆ ದೇಹವಾದರೂ ನನಗೆ ಬೇಕಿತ್ತು. ನದಿ ಕುಡಿಯುವುದು ಬೆಟ್ಟದ ದೊರೆಯ ಹಿಮದ ನೀರು. ಅವನು ಕೊಡು ಎಂದರೆ ಅದು ಕೊಡಲೇಬೇಕು.

ನಿಕಾನೋರ್ ನನ್ನ ಮಗನ ಧರ್ಮತಂದೆ. ಪಾದ್ರಿಯ ಮುಂದೆ ಮಗುವನ್ನು ಎತ್ತಿಕೊಂಡು ನಿಂತ ದಿನದಿಂದ ನಾನು ಅವನಿಗೆ ಕೊಮಾದ್ರೆ, ಅವನು ನನಗೆ ಕೊಂಪಾದ್ರೆ. ಗಂಡ ಗಣಿ ಕೆಲಸಕ್ಕೆ ಹೋಗಿ ಅಲ್ಲೇ ಬೇರೆ ಮನೆ ಮಾಡಿದ ಮೇಲೆ ನನ್ನ ಮಗನಿಗೆ ಈಜು ಕಲಿಸಿದವನೂ ಅವನೇ. ಅವನ ಬಳಿ ಹೋದೆ.

"ಕೊಂಪಾದ್ರೆ, ಆಗಸ್ಟ್ ಬಂತು. ದೊರೇನ ಕರೀರಿ. ನನ್ನ ಮಗನ್ನ ಕೇಳಿ."

"ನೀವು ಹೇಳಬೇಕಾ ಕೊಮಾದ್ರೆ? ಮುಂದಿನ ತಂಡ ಬರೋಕೆ ಮುಂಚೆ ಒಂದು ದಿನ ಬಿಡುವಿದೆ. ಅಪ್ಪನ್ನೂ ಹೊತ್ಕೊಂಡು ಹೋಗೋಣ."

"ಕರೆಯೋ ಹೆಸರು ಅಪ್ಪ ಕೊಟ್ಟಿದಾರಾ?"

"ಅಪ್ಪ ಕರೀವಾಗ ಪಕ್ಕದಲ್ಲೇ ಇರ್ತಿದ್ದೆ. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ."

ಯಾವುದೋ ಒಂದು ಆಗಸ್ಟ್‌ನಲ್ಲಿ ಅಪ್ಪ ಮಗ ಮೇಲೆ ಹೋಗಿಬಂದಿರಬೇಕು, ನನಗೆ ತಿಳಿಯದೆ ಹೋಗಿರಬೇಕು ಅಂದುಕೊಂಡೆ. ಹಾಗೆ ಅಂದುಕೊಳ್ಳದೆ ನನಗೆ ಬೇರೆ ಗತಿಯಿರಲಿಲ್ಲ.

ಕಣಿವೆಯ ನೆತ್ತಿಯ ಮೇಲೆ, ಕೆಳಗೆ ನದಿ ಕಾಣುವ ಕಡೆ ಕೂತೆವು. ತಾತನನ್ನು ಕುರಿತುಪ್ಪಟದ ಚೀಲಕ್ಕೆ ಒರಗಿಸಿದೆವು. ನಿಕಾನೋರ್ ಮೂರು ದಿನದಿಂದ ಉಪ್ಪು ಬಿಟ್ಟಿದ್ದ. ಒಂದೂ ಹರಿದಿರದ ಎಲೆಗಳನ್ನು ಆರಿಸಿ ತಂದಿದ್ದ. ಕಾಗದ ಹರಡಿದ. ಕೊಬ್ಬು, ಬೀಜ, ಹತ್ತಿ ಎಲ್ಲ ಇಟ್ಟ. ಎಫ್ರಾಯಿನ್‌ನ ಟೋಪಿಯಿಂದ ಕಿತ್ತ ಒಂದು ಉಣ್ಣೆಯೆಳೆ ಇಟ್ಟ. ನನ್ನ ಎದೆಯಲ್ಲಿ ಎಷ್ಟೋ ದಿನಗಳ ಮೇಲೆ ಸ್ವಲ್ಪ ಜಾಗವಾಯಿತು.

ಆಮೇಲೆ ಅವನು ಮೂರು ಎಲೆ ಎತ್ತಿ ಊದಿದ.

"ಆಪು ರುಮಿಚಾಕಿ! ಕಲ್ಲುಗಾಲಿನ ದೊರೆಯೇ!"

ಎಂದು ಕೂಗಿ, ಒಂದು ಕೈ ಮೇಲೆತ್ತಿ, ಸುಮ್ಮನೆ ನಿಂತ.

ಫೋಟೊ ತೆಗೆಯುವವರು ಅಲ್ಲಿ ಯಾರೂ ಇರಲಿಲ್ಲ. ವರ್ಷಗಟ್ಟಲೆ ಮಾಡಿ ಮಾಡಿ ಅದೂ ಅವನಿಗೆ ಪೂಜೆಯ ಭಾಗವೇ ಆಗಿಹೋಗಿತ್ತು. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. "ನನ್ನ ಧರ್ಮಪುತ್ರನನ್ನ ಕೊಡಿಸು ದೊರೆಯೇ, ಅವನ ತಾಯಿ ಇಲ್ಲಿ ಕೂತಿದಾಳೆ" ಎಂದು ಬೇಡುತ್ತಿದ್ದ. ಸತ್ತ ಹೇಸರಗತ್ತೆಯನ್ನು ಬೇಡುತ್ತಿದ್ದ.

ತಾತ "ಪಾ, ಪಾ" ಎಂದು ಒದರಿದ. ಎಡಗೈಯಿಂದ ಮಗನ ಮೊಣಕಾಲಿಗೆ ಹೊಡೆದ, ಮತ್ತೆ ಹೊಡೆದ. ನಿಕಾನೋರ್ ಆ ಕೈಯನ್ನು ಹಿಡಿದು ಮುತ್ತಿಟ್ಟ. "ಅಪ್ಪ ಆಶೀರ್ವಾದ ಮಾಡ್ತಿದಾರೆ ಕೊಮಾದ್ರೆ, ನೋಡಿ" ಎಂದ. ತಾತ ನನ್ನನ್ನು ನೋಡಿದ. ನಾನು ತಾತನನ್ನು ನೋಡಿದೆ. ಭೂಮಿಯ ಮೇಲೆ ಆ ಸಂಗತಿ ಗೊತ್ತಿದ್ದವರು ನಾವಿಬ್ಬರೇ, ಅದರಲ್ಲಿ ಒಬ್ಬನಿಗೆ ಬಾಯಿಲ್ಲ. ನನಗೆ ಬಾಯಿತ್ತು, ಆದರೆ ಅದನ್ನು ಹೇಳಿದರೆ ನಿಕಾನೋರ್ ಮತ್ತೆ ಎಂದೂ ತಲೆಯೆತ್ತುತ್ತಿರಲಿಲ್ಲ. ಹೇಳಿದ್ದರೂ ಕರೆಯಲು ಬೇರೆ ಹೆಸರು ಯಾರ ಹತ್ತಿರ ಇತ್ತು?

ಮಾರನೆಯ ಬೆಳಿಗ್ಗೆ ತಾತನ ಮನೆಗೆ ಹೋಗಿ ಅವನ ಮುಂದೆ ಕುಕ್ಕರಗಾಲಲ್ಲಿ ಕೂತೆ. ನನಗೆ ಗೊತ್ತಿದ್ದ ಬೆಟ್ಟಗಳನ್ನೆಲ್ಲ ಹೇಳಿದೆ, ಕೆರೆ, ಬಂಡೆ, ನಕ್ಷತ್ರಗಳ ಹೆಸರನ್ನೂ ಹೇಳಿದೆ.

"ಹೌದಾದ್ರೆ ಕಣ್ಣು ಮುಚ್ಚು ತಾತ. ಇಷ್ಟು ಮಾಡು ನನಗೆ."

ಅವನು ಕಣ್ಣು ಮುಚ್ಚಲಿಲ್ಲ. ಅದು ನಾವ್ಯಾರೂ ಕೇಳಿದ ಹೆಸರಲ್ಲ, ಊಹಿಸಿ ಹಿಡಿಯುವಂಥದ್ದೂ ಅಲ್ಲ. ಒಮ್ಮೆ ತುಟಿ ಒಟ್ಟುಗೂಡಿಸಿ ಏನೋ ಹೇಳಲು ಹೋದ. ಕುತ್ತಿಗೆಯ ನರ ಉಬ್ಬಿತು. "ಪಾ" ಎಂದ. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ಸೆಪ್ಟೆಂಬರ್‌ನಲ್ಲಿ ಮತ್ತೊಂದು ತಂಡ ಬಂತು. ನಾನು ಮತ್ತೆ ಸೌಟು ಹಿಡಿದೆ. ಮನೆಯಲ್ಲಿ ಕೂತರೆ ಅಂಗಿಗಳು ಕಾಣುತ್ತವೆ. ಮೂರನೆಯ ದಿನ ಊರಿನ ಅಂಗಳದಲ್ಲಿ ಪೂಜೆ. ತಾತನನ್ನು ಬಿಸಿಲಿಗೆ ತಂದು ಗೋಡೆಗೊರಗಿಸಿದ್ದರು. ಬಂದವರಿಗೆ ಮುದುಕರನ್ನು ಕಂಡರೆ ಇಷ್ಟ. ನಮ್ಮ ನದಿಯ ಹೆಸರಿನ ಅರ್ಥ ಮಾತಾಡುವ ದೊರೆ ಎಂದು ನಿಕಾನೋರ್ ಅವರಿಗೆ ಹೇಳುತ್ತಿದ್ದ. ಎಲ್ಲರಿಗೂ ಮೂರು ಮೂರು ಎಲೆ ಹಂಚಿದ.

"ಏನು ಬೇಕೋ ಮನಸ್ಸಲ್ಲೇ ಕೇಳ್ಕೊಂಡು ಊದಿ. ದೊರೆ ದೊಡ್ಡ ಮನಸ್ಸಿನೋನು."

ಟೋಪಿ ಹಾಕಿದ ಒಬ್ಬ ಹೆಂಗಸು ನನ್ನ ಕಡೆ ಕೈಬೀಸಿ ಕರೆದಳು. ನಿಕಾನೋರ್ ತಟ್ಟೆ ಹಿಡಿದು ಬಂದ. "ಬನ್ನಿ ಕೊಮಾದ್ರೆ. ಇನ್ನೊಂದು ಸಲ ಕೇಳೋಣ. ಕೊಟ್ಟೇ ಕೊಡ್ತಾನೆ."

ಇಷ್ಟು ವರ್ಷ ಒಂದು ಸಲವೂ ಆ ಸಾಲಿನಲ್ಲಿ ನಿಂತವಳಲ್ಲ ನಾನು. ಕೈಯನ್ನು ಲಂಗಕ್ಕೆ ಒರೆಸಿಕೊಂಡು ಮೂರು ಎಲೆ ತೆಗೆದುಕೊಂಡೆ. ತಟ್ಟೆಯಲ್ಲಿದ್ದವು ಅಂಚು ಹರಿದ ಎಲೆಗಳು; ಪ್ರವಾಸಿಗಳಿಗೆ ಅವನ್ನೇ ಇಡುವುದು. ತಾತ ಗೋಡೆಯ ಬಳಿಯಿಂದ ನನ್ನನ್ನೇ ನೋಡುತ್ತಿದ್ದ. ನಾನು ಬೆಟ್ಟದ ಕಡೆ ತಿರುಗಿ ಎಲೆಗಳನ್ನು ಬಾಯಿಯ ಹತ್ತಿರ ಹಿಡಿದೆ.

ಕಲ್ಲುಗಾಲೇ, ಎಂದೆ ಮನಸ್ಸಿನಲ್ಲಿ. ಬದುಕಿದ್ದಾಗ ಎಷ್ಟು ಬಯ್ದರೂ ನೀನು ಹೆಜ್ಜೆ ಎತ್ತಲಿಲ್ಲವಂತೆ. ಈಗ ಎತ್ತು. ನನಗೆ ಬೇರೆ ಯಾರ ಹೆಸರೂ ಗೊತ್ತಿಲ್ಲ. ಕಣಿವೆಗೆ ಇಳಿದು ಹೋಗು. ನನ್ನ ಮಗ ದೊಡ್ಡ ಹೊರೆಯಲ್ಲ, ತೆಳ್ಳಗಿದ್ದ. ಬೆನ್ನ ಮೇಲೆ ಹಾಕಿಕೊಂಡು ನಿಧಾನವಾಗಿಯೇ ಬಾ.

ಊದಿದೆ. ನಿಕಾನೋರ್ ಒಂದು ಕೈ ಮೇಲೆತ್ತಿ ಸುಮ್ಮನೆ ನಿಂತ. ಎಲ್ಲರೂ ಫೋಟೊ ತೆಗೆದುಕೊಂಡರು.