ಗಾಳೆಪ್ಪನ ಭುಜಕೀರ್ತಿ

ಬಂದ ನೆಂಟರೆಲ್ಲ ಹಿಂದಿನ ಸಂಜೆಯೇ ತಿರುಗಿ ಹೋಗಿದ್ದರು. ಗಂಡ ಹೋದ ಹನ್ನೆರಡನೆಯ ದಿನದ ಬೆಳಗ್ಗೆ ದಾಕ್ಷಾಯಣಿ ಎದ್ದು ನೋಡಿದರೆ ಮನೆಯಲ್ಲಿ ಹಿಟ್ಟಿರಲಿಲ್ಲ. ಮಣ್ಣಿಗೆ ಬಂದವರಿಗೆ ರೊಟ್ಟಿ ಬಡಿದೂ ಬಡಿದೂ ಎಲ್ಲ ಮುಗಿದಿತ್ತು. ಮೊರ ಹಿಡಿದು ಜೋಳ ಹಸನು ಮಾಡಲು ಕೂತಳು. ಕೌಲ್ ಬಜಾರಿನ ಆ ಓಣಿಯಲ್ಲಿ ನೀರಿನ ಕೊಡಗಳ ಸಪ್ಪಳ ಎಂದಿನಂತೆ ಕೇಳುತ್ತಿತ್ತು.

ಬಾಗಿಲಲ್ಲಿ ಯಾರೋ ಕೆಮ್ಮಿದರು. ಸಿರುಗುಪ್ಪದ ಕಡೆಯ ಕರೂರಿನ ಗಾಳೆಪ್ಪ. ಹೆಗಲ ಮೇಲೆ ಟವೆಲು, ಮುಖದ ತುಂಬ ನಗು.

"ಮೇಷ್ಟ್ರು ಸಾಲಿಗೆ ಹೋದ್ರೇನ್ರಿ ಅಮ್ಮಾರ?"

ಅವಳ ಕೈ ಮೊರದಲ್ಲೇ ನಿಂತಿತು. ಅಡಿಗೆಮನೆಯಿಂದ ಅತ್ತೆ ಗುರುಬಸಮ್ಮ ಹೊರಗೆ ಬಂದು ಮಗನ ಸುದ್ದಿ ಹೇಳಿದಳು. ಒಂಬತ್ತು ದಿನ ಜ್ವರ, ಹತ್ತನೆಯ ದಿನ ಮುಗಿಯಿತು. ಗಾಳೆಪ್ಪ ಕಟ್ಟೆಯ ಮೇಲೆ ಕುಸಿದು ಕೂತ. ಟವೆಲಿನಿಂದ ಮುಖ ಒರೆಸಿಕೊಂಡ. ಕೊಟ್ಟ ನೀರು ಕುಡಿಯಲಿಲ್ಲ. ಏಳಲೂ ಇಲ್ಲ.

"ಈ ಹೊತ್ತಿನಾಗ ಕೇಳಬಾರದ್ರಿ," ಎಂದ ಕೊನೆಗೆ. "ಆದ್ರ ಯುಗಾದಿಗೆ ನಮ್ಮೂರಾಗ ಆಟ ಐತಿ. ನಂದು ಕೌರವನ ಪಾತ್ರ. ಸಾಲಿ ನಾಟಕಕ್ಕಂತ ಮೇಷ್ಟ್ರು ನನ್ನ ಭುಜಕೀರ್ತಿ ಒಯ್ದಿದ್ರು, ಹೆಗಲಿಗೆ ಕಟ್ಟೋವು. ನಮ್ಮ ಮುತ್ಯಾ ಕೆತ್ತಿದ್ದು. ಶಿವರಾತ್ರಿ ಆಗಿ ಎಂಟು ದಿನಕ್ಕ ಮುಟ್ಟಿಸ್ತೀನಿ ಅಂದಿದ್ರು."

ದಾಕ್ಷಾಯಣಿ ಒಳಗೆ ಹೋಗಿ ಗಂಡನ ಟ್ರಂಕು ತೆಗೆದಳು. ಅದರಲ್ಲಿ ಇರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಅವರ ಜನರಲ್ಲಿ ಬಿದಿರಿನ ವಿಮಾನ ಕಟ್ಟಿ, ಸತ್ತವರನ್ನು ಅದರಲ್ಲಿ ಕೂರಿಸಿ, ಸಿಂಗಾರ ಮಾಡಿ ಒಯ್ಯುತ್ತಾರೆ. ಮೇಷ್ಟ್ರನ್ನು ಒಯ್ದ ದಿನ ಪೇಟೆಯಲ್ಲಿ ಹೂವು ಸಾಲದೆ ಬಂದಿತ್ತು. ಮೈದುನ ಮರಿಬಸಪ್ಪ ಅಣ್ಣನಿಗೆ ಧೋತರ ತೆಗೆಯಲೆಂದು ಟ್ರಂಕು ತೆರೆದವನು, ಮರದ ಮೇಲೆ ಬಣ್ಣದ ಕಾಗದ ಅಂಟಿಸಿ ಕನ್ನಡಿಚೂರು ಕೂರಿಸಿದ ಜೋಡಿ ಭುಜಕೀರ್ತಿ ಕಂಡ. ಅಣ್ಣನೇ ಕೊಂಡದ್ದೆಂದು ತಿಳಿದು ವಿಮಾನದ ಎರಡೂ ಬದಿಗೆ ಕಟ್ಟಿಬಿಟ್ಟ. ಅಣ್ಣ ರಾಜನ ಹಾಗೆ ಹೋಗಲಿ ಎಂದು ಅವನ ಆಸೆ. ಓಣಿಯವರೂ ಭೇಷ್ ಎಂದಿದ್ದರು.

ದಾಕ್ಷಾಯಣಿ ಅದನ್ನು ನೋಡಿದ್ದಳು. ಯಾರದೆಂದೂ ಗೊತ್ತಿತ್ತು. ಬಿಚ್ಚಿ ಎನ್ನಬೇಕೆಂದರೆ ಬಾಯಿ ಏಳಲಿಲ್ಲ. ವಿಮಾನ ಓಣಿಯ ತಿರುವು ದಾಟುವ ತನಕ ಕನ್ನಡಿಚೂರುಗಳು ಬಿಸಿಲಿಗೆ ಮಿಂಚುತ್ತಿದ್ದವು.

ಹೊರಗೆ ಬಂದು, "ಬರೋ ಸೋಮವಾರ ಸಿರುಗುಪ್ಪದಾಗ ಬಸ್ಸು ನಿಲ್ಲೋ ಕಡೆ ಇರಪ್ಪ. ತಂದು ಕೊಡ್ತೀನಿ," ಎಂದಳು.

ಎಲ್ಲಿಂದ ತರುವುದೆಂದು ಆಗ ಅವಳಿಗೆ ತಿಳಿದಿರಲಿಲ್ಲ.

ವಿಮಾನದ ಬಿದಿರು, ಬಟ್ಟೆ ಎಲ್ಲ ಸ್ಮಶಾನದಲ್ಲಿ ಕುಣಿ ತೋಡುವ ಅಂಜಿನಪ್ಪನಿಗೆ ಸೇರುವ ರೂಢಿ. ಮರಿಬಸಪ್ಪ ಹೋಗಿ ಕೇಳಿದ. ಹಳೆ ಸಾಮಾನು ಮಾರುವ ಹೊನ್ನೂರಮ್ಮನಿಗೆ ಕೊಟ್ಟೆ, ಭಾನುವಾರ ಕುರುಗೋಡಿನ ಸಂತೆಯಲ್ಲಿ ಕೂರುತ್ತಾಳೆ ಎಂದು ಅಂಜಿನಪ್ಪ ಹೇಳಿದ.

"ನಾ ಹೋಗಿ ತರ್ತೀನಿ ಅತ್ತಿಗಿ."

"ನಾನೂ ಬರ್ತೀನಿ," ಎಂದಳು ದಾಕ್ಷಾಯಣಿ.

"ಮಣ್ಣು ಕೊಟ್ಟು ಹದಿನೈದು ದಿನ ಆಗಿಲ್ಲ, ಸಂತಿಗೆ ಹೋಗ್ತಾಳಂತ! ಇವಳ್ನ ಬಿ.ಎ. ಓದಿಸಿದ್ದು ಇದಕ್ಕೇನ?" ಎಂದು ಗುರುಬಸಮ್ಮ ಕೂಗಾಡಿದಳು. ಶನಿವಾರ ಮರಿಬಸಪ್ಪ ಕೆಲಸ ಮಾಡುವ ಹತ್ತಿ ಗಿರಣಿ ಮಧ್ಯಾಹ್ನಕ್ಕೇ ಬಿಟ್ಟಾಗ ಬುತ್ತಿ ಕಟ್ಟಿಕೊಂಡು ಎಲ್ಲರಿಗಿಂತ ಮೊದಲು ಬಂಡಿ ಹತ್ತಿದವಳೂ ಅವಳೇ.

ಕುರುಗೋಡಿನ ಗುಡ್ಡ ಕಾಣುವ ಹೊತ್ತಿಗೆ ಸಂಜೆಯಾಗಿತ್ತು. ಊರ ಹೊರಗಿನ ಬೇವಿನ ತೋಪಿನಲ್ಲಿ ಎತ್ತು ಬಿಚ್ಚಿದರು. ಬಂಡಿಗೆ ಚಾದರ ಕಟ್ಟಿ ಮರೆ ಮಾಡಿ, ಮೂರು ಕಲ್ಲು ಹೂಡಿ ಅನ್ನಕ್ಕಿಟ್ಟರು. ಪಕ್ಕದಲ್ಲಿ ಇನ್ನೂ ನಾಲ್ಕಾರು ಸಂಸಾರ ಬೀಡು ಬಿಟ್ಟಿದ್ದವು. ಅಲ್ಲಿ ಯಾರನ್ನೋ ಯಾರೋ ಛೇಡಿಸಿ ನಗುತ್ತಿದ್ದರು.

"ಒಂದು ವರ್ಷದಿಂದ ಹೇಳ್ತಿದ್ದ ನನ್ನ ಮಗ," ಎಂದಳು ಗುರುಬಸಮ್ಮ ಒಲೆಯ ಮುಂದೆ. "ಎಲ್ರೂ ಬಂಡಿ ಕಟ್ಟಿಕೊಂಡು ಹೋಗಾಮು, ತೋಪಿನಾಗ ಉಳಿಯಾಮು, ಮಿಲಿಟರಿಯವ್ರು ಬಿಟ್ಟುಹೋದ ಸಾಮಾನು ನೋಡಾಮು ಅಂತ. ಮನ್ಯಾಗ ಒಲಿ ಇಲ್ಲೇನು, ಗಿಡದ ಕೆಳಗ ಯಾಕ ಉಣಬೇಕು ಅಂದೆ ನಾನು."

ಮೂವರಿಗೂ ಅನ್ನ ಬಡಿಸಿದಳು. "ಉಣ್ರಿ, ಆರತೈತಿ," ಎಂದಳು.

ಬೆಳಗ್ಗೆ ಸಂತೆ ನೆರೆಯಿತು. ಹಳೆ ಸಾಮಾನಿನವರು ಒಂದು ಕಡೆ ಸಾಲಾಗಿ ಕೂತಿದ್ದರು. ಮುರಿದ ಲಾಟೀನು, ಒಂಟಿ ಬೂಟು, ಯುದ್ಧ ಮುಗಿದ ಮೇಲೆ ಎಲ್ಲ ಸಂತೆಗೂ ಬಂದಿದ್ದ ಖಾಕಿ ನೀರಿನ ಬಾಟಲಿಗಳು. ಹೊನ್ನೂರಮ್ಮನ ಗೋಣಿಯ ಮೇಲೆ ಭುಜಕೀರ್ತಿ ಎರಡೂ ಇದ್ದವು. ಒಂದು ಇದ್ದಂತೆಯೇ ಇತ್ತು. ಇನ್ನೊಂದರ ಮೇಲೆ ಒಂದೂ ಕನ್ನಡಿ ಇಲ್ಲದೆ ಬರೀ ಅಂಟಿನ ಕಲೆ ಉಳಿದಿತ್ತು.

"ಕನ್ನಡಿ ನಿನ್ನೆ ಲಂಬಾಣ್ಯಾರು ರೊಕ್ಕ ಕೊಟ್ಟು ಕಿತ್ತುಕೊಂಡು ಹೋದ್ರು," ಎಂದಳು ಹೊನ್ನೂರಮ್ಮ. "ಲಂಗಕ್ಕ ಹೊಲಕೊಳ್ಳಾಕ. ಇನ್ನೊಂದೂ ಕೇಳಿದ್ರು, ಮಧ್ಯಾಹ್ನ ಬರ್ರಿ ಅಂದೀನಿ. ಯಾಕಪ್ಪಾ, ಆಟ ಕಟ್ಟೀಯೇನು? ನೀನs ರಾಜನೇನು? ಸ್ವಲ್ಪ ಮೈ ಹಿಡಿಬೇಕು ನೋಡು!"

ಸುತ್ತಲಿನವರು ನಕ್ಕರು. ಮರಿಬಸಪ್ಪ ತಲೆ ತಗ್ಗಿಸಿದ.

"ಇವು ಎಲ್ಲಿಂದ ಬಂದಾವ ಗೊತ್ತೈತೇನs ನಿನಗ?" ಎಂದು ಗುರುಬಸಮ್ಮ ರೇಗಿದಳು.

"ನಾ ಯಾಕ ಕೇಳ್ಲಿ ಯವ್ವಾ? ಕೇಳಕೋತ ಕುಂತ್ರ ಈ ಗೋಣಿ ಮ್ಯಾಲಿಂದು ಒಂದು ಚಮಚನೂ ಮಾರಾಕ ಆಗಂಗಿಲ್ಲ."

ಗುರುಬಸಮ್ಮ ಚೌಕಾಸಿ ಮಾಡಲಿಲ್ಲ. ಕೇಳಿದ್ದು ಕೊಟ್ಟಳು. ಮರಿಬಸಪ್ಪ ಸಂತೆಯೆಲ್ಲ ಅಲೆದು ಆ ಹೆಂಗಸರನ್ನು ಹುಡುಕಿದ. ಸಿಕ್ಕವಳೊಬ್ಬಳು ತನ್ನ ಲಂಗದ ಅಂಚು ತೋರಿಸಿ, "ಹೊಲದಾತಲ್ಲ ಅಣ್ಣಾ, ಬಿಚ್ಚಿಕೊಡ್ಲೇನು?" ಎಂದು ಬಾಯಿಗೆ ಸೆರಗು ಹಿಡಿದಳಂತೆ. ಅವನು ಬರಿಗೈಲಿ ಬಂದ.

ಅಲ್ಲಿಂದಲೇ ಬಂಡಿ ಸಿರುಗುಪ್ಪದ ದಾರಿ ಹಿಡಿಯಿತು. ಭುಜಕೀರ್ತಿಯ ಗಂಟು ದಾಕ್ಷಾಯಣಿಯ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಅತ್ತೆಯದು ಒಂದೇ ಮಾತು.

"ಇಲಿ ಕಡದ್ವು ಅನ್ನು. ಸಾಲಿ ಹುಡುಗ್ರು ಕಿತ್ತಿದ್ರು ಅನ್ನು. ವಿಮಾನದ ಮಾತು ಎತ್ತಬ್ಯಾಡ. ಅಂಥವು ಯಾರು ಮೈಮ್ಯಾಲ ಹಾಕ್ಕೊಂತಾರ? ನನ್ನ ಮಗ ಮಾತು ಕೊಟ್ಟಿದ್ದ, ಮಾತು ಉಳಿದ್ರ ಸಾಕು."

ಹೇಳದಿದ್ದರೆ ಗಾಳೆಪ್ಪ ಯುಗಾದಿಯ ದಿನ ಇದನ್ನು ಹೆಗಲಿಗೆ ಕಟ್ಟಿಕೊಂಡು ರಂಗಕ್ಕೆ ಬರುತ್ತಾನೆ. ಹೇಳಿದರೆ ಅವನು ಮುಟ್ಟದೆಯೇ ಹೋಗಬಹುದು, ಗಂಡ ಕೊಟ್ಟ ಮಾತು ಉಳಿಯುವುದಿಲ್ಲ. ದಾಕ್ಷಾಯಣಿ ಎರಡನ್ನೂ ಮತ್ತೆ ಮತ್ತೆ ಯೋಚಿಸಿದಳು. ಎತ್ತುಗಳು ತಮ್ಮ ಪಾಡಿಗೆ ನಡೆದವು.

ಸೋಮವಾರ ಬಿಸಿಲೇರುವ ಹೊತ್ತಿಗೆ ಸಿರುಗುಪ್ಪ ಸೇರಿದರು. ಬಸ್ಸು ನಿಲ್ಲುವ ಮರದ ಕೆಳಗೆ ಗಾಳೆಪ್ಪ ಆಗಲೇ ಬಂದು ನಿಂತಿದ್ದ. ಗಂಟು ಕಂಡೊಡನೆ ಓಡಿ ಬಂದ.

"ತಂದೇ ಬಿಟ್ರಿ! ನೀವ್ಯಾಕ ಇಷ್ಟು ದೂರ ಬಂದ್ರಿ ತಾಯಿ, ಹೇಳಿ ಕಳಿಸಿದ್ರ ನಾನs ಬರ್ತಿದ್ದೆ."

ಎರಡೂ ಕೈ ಚಾಚಿದ. ದಾಕ್ಷಾಯಣಿ ಬಂಡಿಯಿಂದ ಇಳಿದು ಗಂಟು ಬಿಚ್ಚಿದಳು. ಬೋಳಾಗಿದ್ದುದನ್ನು ನೋಡಿ ಅವನ ಮುಖ ಬಾಡಿತು.

"ಇಲಿ..." ಎಂದಳು ಗುರುಬಸಮ್ಮ ಬಂಡಿಯೊಳಗಿನಿಂದ.

"ಮೊದ್ಲು ಒಂದು ಮಾತು ಕೇಳಪ್ಪ," ಎಂದಳು ದಾಕ್ಷಾಯಣಿ. "ಇವನ್ನ ಅವರ ವಿಮಾನಕ್ಕ ಕಟ್ಟಿದ್ರು. ನಿನ್ನವು ಅಂತ ನನಗೆ ಗೊತ್ತಿತ್ತು. ಬಿಚ್ಚ್ರಿ ಅನ್ನಲಿಲ್ಲ."

ಚಾಚಿದ ಕೈಗಳು ಅಲ್ಲೇ ನಿಂತವು. ಆಮೇಲೆ ನಿಧಾನಕ್ಕೆ ಕೆಳಗಿಳಿದವು.

"ಆಟಕ್ಕ ಮೊದ್ಲು ಇವಕ್ಕ ಪೂಜಿ ಮಾಡ್ತೀವ್ರಿ," ಎಂದ ಗಾಳೆಪ್ಪ. "ನಮ್ಮ ಮುತ್ಯಾನ ಕಾಲದಿಂದ."

"ಯುಗಾದಿಗೆ ಏನು ಮಾಡ್ತಿ?" ಮರಿಬಸಪ್ಪ ಮೆಲ್ಲಗೆ ಕೇಳಿದ.

"ಏನು ಮಾಡಾಕ ಬರ್ತೈತಿ? ಮನ್ಯಾಗ ಹಿರೇರು ಅದಾರ. ಕೇಳ್ತೀನಿ." ಟವೆಲನ್ನು ಹೆಗಲಿಂದ ತೆಗೆದ. ಮತ್ತೆ ಹಾಕಿಕೊಂಡ. "ನೀವು ಹೇಳಿರದಿದ್ರ ನನಗ ತಿಳೀತಿರಲಿಲ್ಲ ಅಮ್ಮಾರ."

ಅವಳು ಇನ್ನೂ ಅವುಗಳನ್ನು ಹಿಡಿದೇ ನಿಂತಿದ್ದಳು. ಗಾಳೆಪ್ಪ ಅವಳ ಮುಖ ನೋಡದೆ ಹೇಳಿದ:

"ಕೈಗೆ ಕೊಡಬ್ಯಾಡ್ರಿ. ಕೆಳಗ ಇಡ್ರಿ, ನಾ ತಗೋತೀನಿ."

ದಾಕ್ಷಾಯಣಿ ಬಾಗಿ ಎರಡನ್ನೂ ನೆಲದ ಮೇಲೆ ಜೋಡಿಸಿ ಇಟ್ಟು, ಹಿಂದಕ್ಕೆ ಸರಿದು ನಿಂತಳು.