ಬಿಳಿ ಕೋಟಿನ ಮೇಲೆ ಹಳದಿ ರಫು

ದಾರದ ಅಂಗಡಿಯವನು ಮೋಸ ಮಾಡುತ್ತಿದ್ದಾನೆ ಎಂಬುದು ಸೂಜಿಯಮ್ಮನ ದೂರು.

“ಮೊದಲು ಬಿಳಿ ಅಂದ್ರೆ ಬಿಳಿ ಕೊಡ್ತಿದ್ದ. ಈಗ ಯಾವ ಉಂಡೆ ಎತ್ತಿಕೊಂಡ್ರೂ ಮಾಸಲು. ಹೊಸ ಬಲ್ಬು ಹಾಕಿಸಿದ್ರೆ ಅದೂ ಮಾಸಲು!”

ಅವಳ ಹೊಲಿಗೆ ಅಂಗಡಿಯ ಇನ್ನೊಂದು ಮೂಲೆಯಲ್ಲಿ ಇಸ್ತ್ರಿ ಮಾಡುತ್ತಿದ್ದ ಸೊಸೆ ಬಂದು, ಅತ್ತೆ ಆರಿಸಿದ ಉಂಡೆಯ ದಾರವನ್ನೇ ಸೂಜಿಗೆ ಪೋಣಿಸಿ, ಅತ್ತೆಯ ಕೈಗೆ ಸಿಗುವಂತೆ ದಿಂಬಿಗೆ ಚುಚ್ಚಿಟ್ಟು ಹೋದಳು.

ಸೂಜಿಯಮ್ಮನ ನಿಜವಾದ ಹೆಸರು ಆ ಬೀದಿಯವರು ಮರೆತೇಬಿಟ್ಟಿದ್ದರು. ಹರಿದ ಬಟ್ಟೆಯ ತೂತನ್ನು ಅದೇ ಬಣ್ಣದ ಎಳೆಗಳಿಂದ, ಅದೇ ನೇಯ್ಗೆಯಂತೆ ತುಂಬಿ ಮುಚ್ಚುವ ರಫು ಕೆಲಸದಲ್ಲಿ ಅವಳಿಗೆ ಸಾಟಿ ಇರಲಿಲ್ಲ. ಚಿಕ್ಕಂದಿನಲ್ಲಿ ಕೇಳಿ ಕಲಿತ ಪದ್ಯಗಳನ್ನು ಗುನುಗುತ್ತಾ ಕೂರುವಳು. ಪದ್ಯದ ಒಂದು ಸಾಲು ಮುಗಿಯುವಷ್ಟರಲ್ಲಿ ಒಂದು ಎಳೆ ಕೂತಿರುತ್ತಿತ್ತು. ಈಚೆಗೆ ಕಣ್ಣು ಮಂಜಾದರೂ ಬೆರಳು ಮಂಜಾಗಿರಲಿಲ್ಲ. ಬೆರಳೇ ನೋಡುತ್ತಿತ್ತು, ಬೆರಳೇ ಹೊಲಿಯುತ್ತಿತ್ತು.

“ಅದು ಪೊರೆ ಅಕ್ಕಾ, ನನಗೂ ಇದೆ,” ಎಂದು ಪಕ್ಕದ ಅಂಗಡಿಯ ಕೊಡೆ ರಿಪೇರಿಯವನು ಎಂದೋ ಹೇಳಿದ್ದ. “ಚೆನ್ನಾಗಿ ಬಲೀಲಿ. ಅವಸರ ಮಾಡಿ ತೆಗೆಸಿದ್ರೆ ಇರೋದೂ ಹೋಗುತ್ತೆ.”

ಆ ಕೊನೆಯ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ನಾಟಿತ್ತು. ಕಣ್ಣು ಹೋದರೆ ಸೂಜಿ ಹೋಯಿತು. ಸೂಜಿ ಹೋದರೆ ಸೂಜಿಯಮ್ಮ ಎಂಬವಳು ಎಲ್ಲಿ ಉಳಿದಳು?

ಒಂದು ಮಧ್ಯಾಹ್ನ ಬೀದಿಯ ಕೊನೆಯ ಮನೆಯ ನರ್ಸ್ ಬಂದಳು. ಕಣ್ಣಾಸ್ಪತ್ರೆಯಲ್ಲಿ ಅವಳ ಕೆಲಸ. ಜೇಬಿನ ಹತ್ತಿರ ಹರಿದಿದ್ದ ಬಿಳಿ ಕೋಟನ್ನು ಹಿಂದಿನ ವಾರವಷ್ಟೇ ರಫು ಹಾಕಿಸಿಕೊಂಡು ಹೋಗಿದ್ದಳು. ಈಗ ಅದನ್ನೇ ತೊಟ್ಟಿದ್ದಳು.

“ಏನಮ್ಮಾ, ರಫು ಹೇಗೆ ಕೂತಿದೆ?”

“ಚೆನ್ನಾಗಿ ಕೂತಿದೆ ಅಜ್ಜಿ. ಆದ್ರೆ ಆಸ್ಪತ್ರೇಲಿ ಕಂಡೋರೆಲ್ಲ, ಚಹಾ ಚೆಲ್ಲಿಕೊಂಡ್ಯಾ ಅಂತ ಕೇಳ್ತಾರೆ.”

ಸೂಜಿಯಮ್ಮ ಜೇಬನ್ನು ಮೂಗಿನ ಹತ್ತಿರ ಎಳೆದುಕೊಂಡಳು. ಬೆರಳಾಡಿಸಿದಳು. ಎಲ್ಲೂ ಒಂದು ಗಂಟಿಲ್ಲ, ಒಂದು ಉಬ್ಬಿಲ್ಲ.

“ಎಲ್ಲಿದೆ ಕಲೆ? ನನ್ನ ರಫು ನನಗೇ ಕಾಣ್ತಿಲ್ಲ, ಅಷ್ಟು ಹೊಂದಿದೆ!”

ಸೊಸೆ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟಳು. “ಅತ್ತೆ... ಅದು ಹಳದಿ ದಾರ.”

ಸೂಜಿಯಮ್ಮ ಸೊಸೆಯ ಕಡೆ ತಿರುಗಿದಳು.

“ಮೊದಲೇ ಹೇಳೋಕೆ ನಿನಗೇನಾಗಿತ್ತು?”

“ಹೆದರಿಕೆ ಆಗಿತ್ತು. ಪೊರೆ ಬಂದಿರೋದು ನಿಮ್ಮ ಕಣ್ಣಿಗೆ, ಬಾಯಿಗಲ್ಲವಲ್ಲ!”

ನರ್ಸ್ ನಕ್ಕುಬಿಟ್ಟಳು. ಸೂಜಿಯಮ್ಮನಿಗೂ ಸಿಟ್ಟಿನ ನಡುವೆಯೇ ನಗು ಬಂತು. ಆದರೆ ಕೋಟಿನ ಜೇಬನ್ನು ಬಿಡದೆ ಮತ್ತೆ ಸವರಿ ನೋಡಿದಳು. ಇಷ್ಟು ದಿನ ಎಷ್ಟು ಜನರ ಬಟ್ಟೆಗೆ ಹೀಗೆ ಹಾಕಿದ್ದೇನೋ! ಎಷ್ಟು ಜನ ಬಾಯಿಬಿಡದೆ ತೊಟ್ಟು ತಿರುಗುತ್ತಿದ್ದಾರೋ!

ನರ್ಸ್ ಮಣೆ ಎಳೆದುಕೊಂಡು ಎದುರಿಗೆ ಕೂತಳು. “ಅಜ್ಜಿ, ಪೊರೆ ಅಂದ್ರೆ ಕಣ್ಣಿನ ಮೇಲೆ ಬೆಳೆಯೋ ಚರ್ಮ ಅಂದ್ಕೊಂಡಿದೀರಾ?”

“ಮತ್ತೇನು?”

“ಕಣ್ಣಿನ ಒಳಗೆ ಒಂದು ಪುಟ್ಟ ಲೆನ್ಸ್ ಇದೆ. ಅದು ಗಾಜಿಂದಲ್ಲ, ಪ್ರೋಟೀನಿಂದ ಆಗಿರೋದು. ಅದೇ ಮಂಜಾಗೋದು. ನೋಡಿ, ನಮ್ಮ ಮೈಯ ಒಂದೊಂದು ಜೀವಕೋಶಾನೂ ನಿಮ್ಮ ಅಂಗಡಿ ಇದ್ದ ಹಾಗೆ. ಪ್ರೋಟೀನು ತಯಾರಿಸುತ್ತೆ, ಸರಿಯಾಗಿ ಮಡಚಿಕೊಂಡಿದೆಯಾ ಅಂತ ಪರೀಕ್ಷೆ ಮಾಡುತ್ತೆ, ಬೇಕಾದ ಕಡೆಗೆ ಕಳಿಸುತ್ತೆ. ಕೆಟ್ಟಿದ್ದಕ್ಕೆ ಗುರುತು ಹಾಕಿ, ಬಿಚ್ಚಿ, ಚೂರು ಮಾಡಿ, ಆ ಚೂರನ್ನೇ ಮತ್ತೆ ಬಳಸುತ್ತೆ. ಹಗಲೂ ರಾತ್ರಿ ಮೈಯಲ್ಲಿ ರಫು ನಡೀತಾನೇ ಇರುತ್ತೆ.”

“ಮತ್ತೆ ನನ್ನ ಕಣ್ಣಲ್ಲಿ ರಫು ಹಾಕೋರು ರಜಾ ಹಾಕಿದಾರಾ?”

“ಅವರು ಯಾವಾಗಲೋ ಜಾಗ ಖಾಲಿ ಮಾಡಿದ್ರು ಅಜ್ಜಿ. ಬೆಳಕಿಗೆ ಅಡ್ಡ ಬರಬಾರದು ಅಂತ ಲೆನ್ಸಿನ ನಡುವಿನ ಜೀವಕೋಶಗಳು ಒಳಗಿನ ಸಾಮಾನೆಲ್ಲ ತಾವೇ ಕರಗಿಸಿಬಿಡ್ತವೆ. ಹೊಸದು ಮಾಡೋರಿಲ್ಲ, ಹಳತು ತೆಗೆಯೋರೂ ಇಲ್ಲ. ತೀರಾ ನಡುವಿರೋ ಪ್ರೋಟೀನು ನೀವು ತಾಯಿ ಹೊಟ್ಟೇಲಿದ್ದಾಗ ಆಗಿದ್ದು.”

ಸೂಜಿಯಮ್ಮ ಕಣ್ಣಿನ ರೆಪ್ಪೆಯನ್ನು ಮೆಲ್ಲಗೆ ಮುಟ್ಟಿಕೊಂಡಳು. “ಅಮ್ಮ ಒಳಗೆ ನೇಯ್ದು ಕೊಟ್ಟಿದ್ದನ್ನೇ ಇವತ್ತಿನವರೆಗೂ ಉಟ್ಟುಕೊಂಡಿದೀನಾ?”

“ಹೌದು. ನಿಮ್ಮ ಕಣ್ಣಲ್ಲಿ ಇಷ್ಟು ವರ್ಷ ಬಾಳಿದೆ. ಕೆಡೋಕೆ ಶುರುವಾದ ಪ್ರೋಟೀನನ್ನ ಗಂಟಾಗದ ಹಾಗೆ ಹಿಡಿದುಕೊಳ್ಳೋ ಕಾವಲು ಪ್ರೋಟೀನೂ ಅಲ್ಲೇ ಇರುತ್ತೆ. ವಯಸ್ಸಾದ ಹಾಗೆ ಕಾವಲೂ ಖರ್ಚಾಗುತ್ತೆ. ಆಮೇಲೆ ಕೆಟ್ಟದ್ದೆಲ್ಲ ಗಂಟುಗಟ್ಟಿ ಲೆನ್ಸು ಹಳದಿಯಾಗುತ್ತೆ, ಮಬ್ಬಾಗುತ್ತೆ. ಬೀಡಿ, ಸುಡೋ ಬಿಸಿಲು, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಇದ್ರೆ ಬೇಗ.”

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಕೊಡೆ ರಿಪೇರಿಯವನು ಬೀಡಿಯನ್ನು ಸದ್ದಿಲ್ಲದೆ ಬೆನ್ನ ಹಿಂದೆ ಇಟ್ಟುಕೊಂಡ.

“ಏನಾದ್ರೂ ಹನಿ ಬಿಟ್ಟು ಕರಗಿಸಮ್ಮ,” ಎಂದಳು ಸೂಜಿಯಮ್ಮ.

“ಪೊರೆ ಕರಗಿಸೋ ಹನಿ ಇನ್ನೂ ಬಂದಿಲ್ಲ. ಮಿದುಳಲ್ಲೂ ಹೀಗೇ ಪ್ರೋಟೀನು ಗಂಟುಗಟ್ಟಿ ಮರೆವಿನ ಕಾಯಿಲೆ, ಕೈ ನಡುಗೋ ಕಾಯಿಲೆ ಬರೋದುಂಟು. ಅಲ್ಲಿ ಹಳತು ತೆಗೆದು ಹೊಸದು ಕೂರಿಸೋಕಾಗಲ್ಲ. ಕಣ್ಣಲ್ಲಿ ಮಬ್ಬಾದ ಲೆನ್ಸು ತೆಗೆದು ಹೊಸ ಲೆನ್ಸು ಕೂರಿಸೋಕಾಗುತ್ತೆ. ಅದು ನಮ್ಮ ಪುಣ್ಯ. ಇರಲಿ, ಬಟ್ಟೆ ಪೂರ್ತಿ ಜೀರ್ಣವಾಗಿದ್ರೆ ನೀವು ಗಿರಾಕಿಗೆ ಏನು ಹೇಳ್ತೀರಿ?”

“ಎಳೆ ಹಿಡಿಯಲ್ಲ, ಹೊಸದು ಹೊಲಿಸ್ಕೋ ಅಂತೀನಿ.” ಹೇಳಿದ ಮೇಲೆ ಅವಳು ತನ್ನ ಮಾತನ್ನು ತಾನೇ ಕೇಳಿಸಿಕೊಂಡವಳಂತೆ ಮತ್ತೆ ರೆಪ್ಪೆ ಮುಟ್ಟಿಕೊಂಡಳು.

“ಬಲಿಯೋದು ಬೇಡವಾ?” ಬಾಗಿಲಿಂದ ಪ್ರಶ್ನೆ ಬಂತು.

“ಅದು ಹಳೇ ಕಾಲದ ಮಾತು ಅಣ್ಣ. ತುಂಬಾ ಬಲಿತ್ರೆ ಲೆನ್ಸು ಗಟ್ಟಿಯಾಗಿ ತೆಗೆಯೋದೇ ಕಷ್ಟ. ದಿನದ ಕೆಲಸಕ್ಕೆ ತೊಂದರೆ ಶುರುವಾದಾಗಲೇ ತೋರಿಸಬೇಕು.”

“ಅಪಾಯವೇ ಇಲ್ಲವಾ?” ಸೂಜಿಯಮ್ಮನ ದನಿ ಸಣ್ಣದಾಗಿತ್ತು.

“ಇಲ್ಲವೇ ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ತುಂಬಾ ಕಡಿಮೆ. ಮೊದಲು ಎಲ್ಲಾ ಪರೀಕ್ಷೆ ಮಾಡ್ತಾರೆ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಕಣ್ಣು. ಅದು ಸರಿಹೋದ ಮೇಲೆ ಇನ್ನೊಂದು.”

ಒಂದೇ ಕಣ್ಣು. ಸೂಜಿಯಮ್ಮ ಹೊಸ ಬಟ್ಟೆಗೆ ಕೈ ಹಾಕುವ ಮೊದಲು ಮೂಲೆಯಲ್ಲಿ ಒಂದು ಎಳೆ ಎಳೆದು ನೋಡುವವಳು. ಈ ಕ್ರಮ ಅವಳಿಗೆ ಹಿಡಿಸಿತು.

“ನಡಿಯೇ, ನಾಳೆ ಅಂಗಡಿ ತಡವಾಗಿ ತೆಗೆಯೋಣ,” ಎಂದಳು ಸೊಸೆಗೆ.

ಶಸ್ತ್ರಚಿಕಿತ್ಸೆಯಾದ ಮರುದಿನ ಬಲಗಣ್ಣಿನ ಪಟ್ಟಿ ಬಿಚ್ಚಿದರು. ಸೂಜಿಯಮ್ಮ ಎದುರಿನ ಗೋಡೆ ನೋಡಿದಳು. ಆ ಕಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದಳು. ಮತ್ತೆ ಬಲಗಣ್ಣಲ್ಲಿ ನೋಡಿದಳು. ಒಂದರಲ್ಲಿ ಗೋಡೆ ಚಹಾ ಬಣ್ಣ. ಇನ್ನೊಂದರಲ್ಲಿ ಆಗಷ್ಟೇ ಒಗೆದು ಹರವಿದ ಬಟ್ಟೆಯಂಥ ಬಿಳಿ. ಮೂಲೆಯಲ್ಲಿದ್ದ ಬಕೆಟ್ಟು ಎಷ್ಟು ನೀಲಿಯಾಗಿತ್ತೆಂದರೆ, ಯಾರಿಗೆ ಎಂದು ಹೇಳದೆ ಅವಳು ಕೈಮುಗಿದಳು.

“ಪಾಪ, ದಾರದವನಿಗೆ ಸುಮ್ಮನೆ ಬೈದೆನಲ್ಲೇ!”

ಕಣ್ಣು ಉಜ್ಜಲಿಲ್ಲ, ನೀರು ತಾಗಿಸಲಿಲ್ಲ. ಹೇಳಿದ ಹೊತ್ತಿಗೆ ಸೊಸೆ ಹನಿ ಬಿಟ್ಟಳು. ಕಣ್ಣು ಮಾಗಿ, ಹತ್ತಿರದ ಕೆಲಸಕ್ಕೆ ಕನ್ನಡಕ ಬಂದ ದಿನ ಸೂಜಿಯಮ್ಮ ನರ್ಸಿನ ಕೋಟು ತರಿಸಿಕೊಂಡಳು.

“ಅಯ್ಯೋ ದೇವರೇ, ಇದನ್ನ ತೊಟ್ಕೊಂಡು ನಾಲ್ಕು ಜನರ ಮುಂದೆ ಓಡಾಡಿದ್ಲಾ ಆ ಹುಡುಗಿ?” ಎನ್ನುತ್ತಾ ಹಳದಿ ಎಳೆಗಳನ್ನೆಲ್ಲ ಬಿಚ್ಚಿದಳು. ತಾನೇ ದಾರ ಪೋಣಿಸಿದಳು. ಪದ್ಯ ಶುರುವಾಯಿತು. ಸಾಲಿಗೊಂದು ಎಳೆ, ಸಾಲಿಗೊಂದು ಎಳೆ.

ಸಂಜೆ ನರ್ಸ್ ಬಂದು ಕೋಟನ್ನು ಬೆಳಕಿಗೆ ಹಿಡಿದಳು. “ಎಲ್ಲಿ ಹರಿದಿತ್ತು ಅಜ್ಜಿ?”

ಸೂಜಿಯಮ್ಮ ಕನ್ನಡಕ ಸರಿಮಾಡಿಕೊಂಡು ಹುಡುಕಿದಳು. ಕಾಣಲಿಲ್ಲ. ಈ ಸಲ ನಿಜವಾಗಿಯೂ ಕಾಣಲಿಲ್ಲ. ಅವಳ ಮುಖ ತುಂಬಾ ನಗು ಹರಡಿತು.

“ಅಕ್ಕಾ,” ಎಂದ ಬಾಗಿಲಲ್ಲಿ ನಿಂತಿದ್ದ ಕೊಡೆಯವನು, ಕೆಮ್ಮುತ್ತಾ. “ಎಡಗಣ್ಣು ತೋರಿಸೋಕೆ ಯಾವತ್ತು ಹೋಗ್ತೀಯ? ನಾನೂ ಜೊತೆಗೆ ಬರ್ತೀನಿ.”

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ದೀಪವನ್ನು, ದಾರವನ್ನು, ಗೋಡೆಯ ಬಣ್ಣವನ್ನು ದೂರುವ ಹಿರಿಯರು ಇರಬಹುದು. ಸಂಕೋಚಕ್ಕೋ ಹೆದರಿಕೆಗೋ ನೀವು ಸುಮ್ಮನಿರಬೇಡಿ. ಕೈ ಹಿಡಿದು ಕಣ್ಣಿನ ವೈದ್ಯರ ಬಳಿ ಕರೆದುಕೊಂಡು ಹೋಗಿ. ಪೊರೆ ಬಲಿಯಲಿ ಎಂದು ಕಾಯಬೇಡಿ. ಅಮ್ಮನ ಹೊಟ್ಟೆಯಲ್ಲಿ ಸಿಕ್ಕ ಲೆನ್ಸು ತನ್ನ ಕೆಲಸ ಮುಗಿಸಿದೆ. ಬೆಳಕು ಇನ್ನೂ ಹೊರಗೆ ಕಾದು ನಿಂತಿದೆ. ಅದನ್ನು ಒಳಗೆ ಕರೆಯಿರಿ.